ಕರ್ನಲ್ ಕಾನ್ಫಿಗ್: ಕಳೆಯುವುದು ಸ್ಕ್ರಿಪ್ಟ್ ಕೆಲಸ, ಕೂಡುವುದು ನನ್ನದು

ಲಿನಕ್ಸ್ ಕರ್ನಲ್ (ಹಾರ್ಡ್‌ವೇರನ್ನು ನಡೆಸುವ, ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಂಪೈಲ್ ಮಾಡುವಾಗ, ಅಂದರೆ ಸೋರ್ಸ್ ಕೋಡ್‌ನಿಂದ ಕಟ್ಟುವಾಗ, ಕಷ್ಟ ಇರುವುದು ಕಂಪೈಲ್‌ನಲ್ಲಿ ಅಲ್ಲ. ಅದನ್ನು ಪ್ರೊಸೆಸರ್ ನೋಡಿಕೊಳ್ಳುತ್ತದೆ. ಅದಕ್ಕೂ ಮುಂಚೆ, ಕರ್ನಲ್‌ನಲ್ಲಿ ಏನೇನು ಇರಬೇಕು ಎಂದು ಹೇಳುವ ಡಾಟ್ ಕಾನ್ಫಿಗ್ ಎಂಬ ಫೈಲ್ ತಯಾರಾಗಬೇಕು. ತಲೆನೋವು ಅಲ್ಲಿದೆ. ಒಟ್ಟು 15,000ಕ್ಕಿಂತ ಜಾಸ್ತಿ ಆಯ್ಕೆಗಳು. ಬಹುಪಾಲಿಗೆ ಉತ್ತರ ವೈ, ಎಂ ಅಥವಾ ಎನ್. ವೈ ಅಂದರೆ ಕರ್ನಲ್ ಒಳಗೇ ಸೇರಿಸು, ಎಂ ಅಂದರೆ ಬೇಕಾದಾಗ ಎತ್ತಿಕೊಳ್ಳುವ ಮಾಡ್ಯೂಲ್ ಮಾಡು, ಎನ್ ಅಂದರೆ ಬೇಡ.

ಇದನ್ನು ಪೂರ್ತಿ ಕೈಯಲ್ಲೇ ಮಾಡಬೇಕಾ, ಸ್ಕ್ರಿಪ್ಟ್‌ಗೆ ಬಿಡಬೇಕಾ ಎಂಬುದು ಹಳೇ ಜಗಳ. 2002ರಲ್ಲಿ ಓಪನ್ ಸೋರ್ಸ್ ಪ್ರಚಾರಕ ಎರಿಕ್ ರೇಮಂಡ್ 'ಆಂಟ್ ಟಿಲ್ಲಿ' ಎಂಬ ಕಾಲ್ಪನಿಕ ಚಿಕ್ಕಮ್ಮನನ್ನು ಮುಂದೆ ತಂದರು. ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲದ ಆ ಚಿಕ್ಕಮ್ಮ ಕೂಡ ಕರ್ನಲ್ ಕಟ್ಟುವಂತಾಗಬೇಕು, ಹಾರ್ಡ್‌ವೇರ್ ಯಾವುದೆಂದು ಕಾನ್ಫಿಗ್ ತಾನೇ ಪತ್ತೆ ಹಚ್ಚಬೇಕು ಎಂಬುದು ಅವರ ವಾದ. ಚಿಕ್ಕಮ್ಮ ಕರ್ನಲ್ ಯಾಕೆ ಕಟ್ಟಬೇಕು, ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಸಿದ್ಧ ಲಿನಕ್ಸ್) ಕೊಟ್ಟಿದ್ದನ್ನು ಬಳಸಲಿ ಎಂದು ಎದುರಿನವರು ನಕ್ಕರು. ರೇಮಂಡ್ ಅವರ ವ್ಯವಸ್ಥೆ ಕರ್ನಲ್‌ಗೆ ಸೇರಲಿಲ್ಲ. ಅದೇ ವರ್ಷ ರೋಮನ್ ಜಿಪ್ಪೆಲ್ ಬರೆದ ಕೆಕಾನ್ಫಿಗ್ ಎಂಬ ಕಾನ್ಫಿಗ್ ವ್ಯವಸ್ಥೆ ಬಂತು, ಇವತ್ತಿಗೂ ಅದೇ ಇದೆ. ಆಮೇಲೆ 2009ರಲ್ಲಿ, 2.6.32 ಆವೃತ್ತಿಯಲ್ಲಿ, ಸ್ಟೀವನ್ ರೋಸ್ಟೆಡ್ ಅವರ ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಆದೇಶ ಸೇರಿತು. ನನ್ನ ಮಟ್ಟಿಗೆ ಜಗಳ ಅಲ್ಲಿಗೆ ಮುಗಿಯಿತು.

ಕಾರಣ ಇಷ್ಟೇ. ಲೋಕಲ್‌ಮಾಡ್‌ಕಾನ್ಫಿಗ್ ಏನನ್ನೂ ಹೊಸದಾಗಿ ಊಹಿಸುವುದಿಲ್ಲ. ಡಿಸ್ಟ್ರೋದ ಕಾನ್ಫಿಗ್ ತೆಗೆದುಕೊಳ್ಳುತ್ತದೆ, ಈಗ ಯಾವ ಮಾಡ್ಯೂಲ್‌ಗಳು ಲೋಡ್ ಆಗಿವೆ ಎಂದು ಎಲ್‌ಎಸ್‌ಮಾಡ್ ಪಟ್ಟಿ ನೋಡುತ್ತದೆ, ಪಟ್ಟಿಯಲ್ಲಿ ಇಲ್ಲದ ಮಾಡ್ಯೂಲ್‌ಗಳನ್ನೆಲ್ಲ ಕಿತ್ತು ಹಾಕುತ್ತದೆ. ವೈ ಎಂದಿರುವುದನ್ನು ಮುಟ್ಟುವುದಿಲ್ಲ. ಡಿಸ್ಟ್ರೋದವರು ಪ್ರಪಂಚದ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಡ್ರೈವರ್ ತುಂಬಿರುತ್ತಾರೆ, ಅಲ್ವಾ? ಆ ರಾಶಿಯಲ್ಲಿ ನನ್ನ ಮೆಷಿನ್‌ಗೆ ಬೇಕಾದದ್ದು ಒಂದು ಹಿಡಿ. ಉಳಿದದ್ದನ್ನು ಕೈಯಲ್ಲಿ ಒಂದೊಂದಾಗಿ ಎನ್ ಮಾಡುತ್ತಾ ಕೂರುವುದು ದಂಡದ ಕೆಲಸ. ಈ ಆದೇಶ ಕೊಟ್ಟ ಮೇಲೆ ಕಂಪೈಲ್ ಸಮಯ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಆದರೆ ಅದಕ್ಕೆ ಕಾಣುವುದು ಈ ಕ್ಷಣ ಮಾತ್ರ. ನಾಳೆ ನಾನು ಏನು ಸಿಕ್ಕಿಸುತ್ತೇನೆ ಎಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಆದೇಶ ಕೊಡುವ ಮುಂಚೆ ನಾನು ಮನೆಯಲ್ಲಿರುವ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಒಮ್ಮೆ ತೋರಿಸುತ್ತೇನೆ. ಪೆನ್‌ಡ್ರೈವ್ ಹಾಕಿದರೆ ಸಾಲದು, ಅದನ್ನು ತೆರೆಯಲೂ ಬೇಕು. ಸಿಕ್ಕಿಸಿದಾಗ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಬರುತ್ತದೆ. ಅದರ ಫೈಲ್‌ಸಿಸ್ಟಮ್ ಓದುವ ಎಕ್ಸ್‌ಫ್ಯಾಟ್ ಅಥವಾ ವಿಫ್ಯಾಟ್ ಮಾಡ್ಯೂಲ್ ಬರುವುದು ಮೌಂಟ್ ಮಾಡಿದಾಗ, ಅಂದರೆ ತೆರೆದಾಗಲೇ. ವೆಬ್‌ಕ್ಯಾಮ್, ಬ್ಲೂಟೂತ್ ಇಯರ್‌ಫೋನ್, ಪ್ರಿಂಟರ್ ಎಲ್ಲವೂ ಒಂದು ಸುತ್ತು. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸುವವರು ಒಂದು ಕಂಟೇನರ್ ಓಡಿಸಿಟ್ಟಿರಬೇಕು, ಇಲ್ಲದಿದ್ದರೆ ಅದಕ್ಕೆ ಬೇಕಾದ ಓವರ್‌ಲೇ, ಬ್ರಿಡ್ಜ್, ನೆಟ್‌ಫಿಲ್ಟರ್ ಮಾಡ್ಯೂಲ್‌ಗಳ ಅರ್ಧ ಸಂಸಾರ ಮಾಯ. ಮುಖ್ಯವಾಗಿ ಫೋನ್‌ನ ಯುಎಸ್‌ಬಿ ಟೆದರಿಂಗ್, ಅಂದರೆ ಫೋನ್‌ನ ಇಂಟರ್‌ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ. ಕರೆಂಟು ಹೋದರೆ ರೂಟರ್ ಆರುತ್ತದೆ, ಆಗ ಇಂಟರ್‌ನೆಟ್‌ಗೆ ಫೋನೇ ಗತಿ. ಅದಕ್ಕೆ ಆರ್‌ಎನ್‌ಡಿಐಎಸ್ ಹೋಸ್ಟ್ ಅಥವಾ ಸಿಡಿಸಿ ಎನ್‌ಸಿಎಂ ಮಾಡ್ಯೂಲ್ ಬೇಕು.

ಇಷ್ಟು ಸರ್ಕಸ್ ಬೇಡ ಎನ್ನುವವರಿಗೆ ಮಾಡ್‌ಪ್ರೋಬ್ಡ್-ಡಿಬಿ ಎಂಬ ಚಿಕ್ಕ ಸಾಧನ ಇದೆ. ಇದುವರೆಗೆ ಲೋಡ್ ಆದ ಮಾಡ್ಯೂಲ್‌ಗಳ ಹೆಸರನ್ನೆಲ್ಲ ಅದು ಬರೆದಿಡುತ್ತಾ ಹೋಗುತ್ತದೆ. ಎಲ್‌ಎಸ್‌ಮಾಡ್ ಪಟ್ಟಿಯ ಬದಲು ಆ ಫೈಲನ್ನು ಕೊಡಬಹುದು. ಕೆಲವು ವಾರ ಸುಮ್ನೆ ಓಡಲು ಬಿಟ್ಟು ಆಮೇಲೆ ಬಳಸಿದರೆ ಮರೆತುಹೋಗುವ ಪ್ರಶ್ನೆ ಕಡಿಮೆ.

ಆಮೇಲೆ ಕೈಕೆಲಸ. ಆಯ್ಕೆಗಳನ್ನು ಬದಲಿಸುವ ಮೆನುಕಾನ್ಫಿಗ್ ತೆರೆದರೆ ನೀಲಿ ಪರದೆಯ ಮೇಲೆ ಮೆನುಗಳು. ಹೊಸಬರು ಒಂದೊಂದೇ ಮೆನು ಇಳಿದು ಹುಡುಕುತ್ತಾರೆ, ಅದು ಬೇಡ. ಉದಾಹರಣೆಗೆ ನೆಟ್‌ವರ್ಕ್ ಕಾರ್ಡ್. ಹಾರ್ಡ್‌ವೇರ್ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆದೇಶಕ್ಕೆ '-k' ಆಯ್ಕೆ ಕೊಟ್ಟರೆ ಪ್ರತಿ ಸಾಧನದ ಕೆಳಗೆ ಅದು ಬಳಸುತ್ತಿರುವ ಡ್ರೈವರ್ ಹೆಸರು ಕಾಣುತ್ತದೆ. ರಿಯಲ್‌ಟೆಕ್ ಕಾರ್ಡ್ ಆದರೆ ಆರ್8169 ಎಂದಿರಬಹುದು. ಮೆನುಕಾನ್ಫಿಗ್‌ನಲ್ಲಿ '/' ಒತ್ತಿ ಆ ಹೆಸರು ಬರೆಯಿರಿ. ಆಯ್ಕೆ ಯಾವ ಮೆನುವಿನಲ್ಲಿದೆ, ಯಾವುದರ ಮೇಲೆ ಅವಲಂಬಿಸಿದೆ, ಈಗ ಏನಾಗಿದೆ ಎಲ್ಲವೂ ಬರುತ್ತದೆ. ಪಕ್ಕದಲ್ಲಿರುವ ಅಂಕಿ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತೀರಿ. ಡ್ರೈವರ್ ಹೆಸರೂ ಆಯ್ಕೆಯ ಹೆಸರೂ ಬೇರೆ ಇದ್ದರೆ ಆ ಡ್ರೈವರ್‌ನ ಸೋರ್ಸ್ ಫೋಲ್ಡರ್‌ನಲ್ಲಿರುವ ಮೇಕ್‌ಫೈಲ್ (ಕಂಪೈಲ್ ಸೂಚನೆಗಳ ಫೈಲ್) ನೋಡಿ. ಯಾವ ಆಯ್ಕೆಯಿಂದ ಯಾವ ಫೈಲ್ ಹುಟ್ಟುತ್ತದೆ ಎಂದು ಒಂದೇ ಸಾಲಿನಲ್ಲಿರುತ್ತದೆ.

ನಾನು ಕೈಯಿಂದ ಬದಲಿಸುವುದು ಕಡಿಮೆ. ಡಿಬಗ್ ಮಾಹಿತಿ ತೆಗೆಯುತ್ತೇನೆ, ಅದು ಡಿಸ್ಕ್ ನುಂಗುತ್ತದೆ. ಡಿಸ್ಟ್ರೋದ ಕಾನ್ಫಿಗ್‌ನಲ್ಲಿ ಅವರ ಸರ್ಟಿಫಿಕೇಟ್ ಫೈಲ್‌ಗೆ ದಾರಿ ಬರೆದಿದ್ದರೆ ಅದನ್ನು ಖಾಲಿ ಮಾಡುತ್ತೇನೆ. ಆ ಫೈಲ್ ನಮ್ಮ ಹತ್ತಿರ ಇರುವುದಿಲ್ಲ, ಕಂಪೈಲ್ ನಡುವೆ ನಿಂತುಬಿಡುತ್ತದೆ. ಎನ್‌ವಿಎಂಇ (ನನ್ನ ಡಿಸ್ಕ್‌ನ ಡ್ರೈವರ್) ಮತ್ತು ಎಕ್ಸ್‌ಟಿ4 (ಅದರ ಫೈಲ್‌ಸಿಸ್ಟಮ್) ಎರಡನ್ನೂ ವೈ ಮಾಡುತ್ತೇನೆ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಮಾಡ್ಯೂಲ್‌ಗಳಿರುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಲ್ಲದೆ ಬೂಟ್ ಮಾಡುವವರಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಮುಖ್ಯ ಡಿಸ್ಕ್ ಭಾಗವಾದ ರೂಟ್ ಮೌಂಟ್ ಆಗದೆ ಪ್ಯಾನಿಕ್, ಅಂದರೆ ಕರ್ನಲ್ ಅಲ್ಲೇ ನಿಲ್ಲುತ್ತದೆ. ಹಾಗಂತ ಎಲ್ಲವನ್ನೂ ವೈ ಮಾಡಲು ಹೋಗಬಾರದು. ವೈಫೈ, ಗ್ರಾಫಿಕ್ಸ್ ಡ್ರೈವರ್‌ಗಳು ಶುರುವಾಗುವಾಗಲೇ ಫರ್ಮ್‌ವೇರ್ ಫೈಲ್ (ಆ ಚಿಪ್‌ಗೆ ತುಂಬಬೇಕಾದ ಕೋಡ್) ಕೇಳುತ್ತವೆ. ಡಿಸ್ಕ್ ಇನ್ನೂ ಮೌಂಟ್ ಆಗಿರುವುದಿಲ್ಲ, ಎಲ್ಲಿಂದ ತರುವುದು? ಅವು ಮಾಡ್ಯೂಲ್ ಆಗಿಯೇ ಇರಲಿ.

ಸೊನ್ನೆಯಿಂದ ಕೈಯಲ್ಲೇ ಕಟ್ಟುವ ಆಸೆ ಇದ್ದರೆ ಕ್ಯುಎಮು ಎಂಬ ವರ್ಚುವಲ್ ಮೆಷಿನ್‌ನಲ್ಲಿ, ಅತಿ ಚಿಕ್ಕ ಕರ್ನಲ್ ಕೊಡುವ ಟೈನಿಕಾನ್ಫಿಗ್ ಇಟ್ಟುಕೊಂಡು ಮಾಡಿ. ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಮೊದಲ ಬೂಟ್‌ನಲ್ಲಿ ಪರದೆ ಪೂರ್ತಿ ಖಾಲಿ. ಕರ್ನಲ್ ಸತ್ತಿದೆಯೋ ಬದುಕಿದೆಯೋ ಹೇಳಲೂ ಅದಕ್ಕೆ ಬಾಯಿಲ್ಲ, ಏಕೆಂದರೆ ಸಂದೇಶ ಮುದ್ರಿಸುವ ಪ್ರಿಂಟ್‌ಕೆ ಆಯ್ಕೆ ಎನ್. ಅದನ್ನೂ ಸೀರಿಯಲ್ ಕನ್ಸೋಲನ್ನೂ ಹಾಕಿದರೆ ಮಾತು ಬರುತ್ತದೆ. ಆಮೇಲೆ ಇನಿಟ್ (ಕರ್ನಲ್ ಓಡಿಸುವ ಮೊದಲ ಪ್ರೋಗ್ರಾಂ) ಓಡಿಸಲಾಗಲಿಲ್ಲ, ಎರರ್ -8 ಎನ್ನಬಹುದು. ಕಾರಣ, ಲಿನಕ್ಸ್ ಪ್ರೋಗ್ರಾಂ ಫೈಲ್‌ಗಳ ರೂಪವಾದ ಇಎಲ್‌ಎಫ್‌ಗೆ ಬೆಂಬಲ ಇಲ್ಲ, ಅಥವಾ 64-ಬಿಟ್ ಆಯ್ಕೆ ಹಾಕಿಲ್ಲ, ಅಥವಾ ನಿಮ್ಮ ಇನಿಟ್ ಶೆಲ್ ಸ್ಕ್ರಿಪ್ಟ್ ಆಗಿದ್ದು, ಸ್ಕ್ರಿಪ್ಟ್ ಓಡಿಸಲು ಇರುವ ಬೇರೆ ಆಯ್ಕೆಯನ್ನು ಹಾಕಿಲ್ಲ. ಒಂದೊಂದು ಎಡವಟ್ಟೂ ಕರ್ನಲ್‌ನ ಒಂದೊಂದು ಅಂಗ ತೋರಿಸುತ್ತದೆ. ದಿನಬಳಕೆಯ ಲ್ಯಾಪ್‌ಟಾಪ್‌ಗೆ ಮಾತ್ರ ಈ ಹಠ ಬೇಡ. ಸಣ್ಣ ಕರ್ನಲ್‌ನಿಂದ ಬ್ರೌಸರ್ ಭಾರೀ ವೇಗವಾಗಿಬಿಡುವುದಿಲ್ಲ. ಉಳಿಯುವುದು ಕಂಪೈಲ್ ಸಮಯ ಮತ್ತು ಡಿಸ್ಕ್ ಜಾಗ, ಅಷ್ಟೇ.

ಮುಂದಿನ ಆವೃತ್ತಿ ಬಂದಾಗ ಹಳೇ ಕಾನ್ಫಿಗ್ ಇಟ್ಟು ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದರೆ ಹೊಸ ಆಯ್ಕೆಗಳಿಗೆಲ್ಲ ಅದರದೇ ಡೀಫಾಲ್ಟ್ ಉತ್ತರ ಬೀಳುತ್ತದೆ. ಅದಕ್ಕೂ ಮುಂಚೆ ಲಿಸ್ಟ್‌ನ್ಯೂಕಾನ್ಫಿಗ್ ಕೊಟ್ಟು ಏನು ಹೊಸದು ಎಂದು ಕಣ್ಣಾಡಿಸುತ್ತೇನೆ. ಕೈಯಿಂದ ಬದಲಿಸಿದವನ್ನು ಮಾತ್ರ ಒಂದು ಪುಟ್ಟ ಫೈಲ್‌ನಲ್ಲಿ ಬೇರೆ ಇಟ್ಟಿದ್ದೇನೆ. ಮರ್ಜ್ ಕಾನ್ಫಿಗ್ ಎಂಬ ಸ್ಕ್ರಿಪ್ಟ್ ಅದನ್ನು ಪ್ರತಿ ಸಲ ಹೊಸ ಕಾನ್ಫಿಗ್ ಮೇಲೆ ಹೇರುತ್ತದೆ. ಅವಲಂಬನೆ ಬದಲಾಗಿ ನನ್ನ ಆಯ್ಕೆ ಬಿದ್ದುಹೋಗಿದ್ದರೆ, ಕೇಳಿದ ಉತ್ತರ ಕೊನೆಯ ಫೈಲ್‌ನಲ್ಲಿ ಇಲ್ಲ ಎಂದು ಎಚ್ಚರಿಸುತ್ತದೆ. ಆ ಸಾಲು ಕಂಡರೆ ನಾನು ಕಂಪೈಲ್ ಶುರು ಮಾಡುವುದಿಲ್ಲ. ಮತ್ತೆ ಮೆನುಕಾನ್ಫಿಗ್ ತೆರೆದು, '/' ಒತ್ತಿ, ಅದು ಈಗ ಯಾವುದರ ಮೇಲೆ ನಿಂತಿದೆ ನೋಡುತ್ತೇನೆ.