ಮಹಿಳಾ ರೋಗಿಗೆ ಇಸಿಜಿ: ಗಂಡು ನರ್ಸ್ ಆಗಿ ನಾನು ಮಾಡುವ ಕ್ರಮ

ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಬಂದವರು ಹೆಂಗಸು, ಡ್ಯೂಟಿಯಲ್ಲಿರುವ ನರ್ಸ್ ಗಂಡಸು ಅಂದರೆ ಮನೆಯವರು ‘ಸಿಸ್ಟರ್ ಬರಲಿ’ ಎನ್ನುತ್ತಾರೆ. ಇದಕ್ಕಿಂತ ಅಪಾಯದ್ದು ನಮ್ಮದೇ ಸಂಕೋಚ: ರವಿಕೆ ಬಿಚ್ಚಿಸದೆ ಮೇಲೆಮೇಲೆ ಲೀಡ್ (ಇಸಿಜಿ ಯಂತ್ರದ ವೈರಿನ ತುದಿ) ಅಂಟಿಸಿಬಿಡುವುದು. ಎದೆಯ ಆರು ಲೀಡ್‌ಗಳಿಗೆ ವಿ1ರಿಂದ ವಿ6 ಎಂದು ಹೆಸರು. ವಿ1, ವಿ2 ಇರಬೇಕಾದ ಜಾಗಕ್ಕಿಂತ ಮೇಲಕ್ಕೆ ಹೋದರೆ ಇಲ್ಲದ ಹಳೆಯ ಹೃದಯಾಘಾತ ಇದ್ದಂತೆ ಗ್ರಾಫ್ ಬರಬಹುದು.

ಮೊದಲು ಮಾತು. ‘ಅಮ್ಮಾ, ನಾನು ನರ್ಸ್. ಎದೆ ಮೇಲೆ ಆರು ಕಡೆ ಲೀಡ್ ಹಾಕ್ಬೇಕು. ಈ ಆಯಾ ಇಲ್ಲೇ ಇರ್ತಾರೆ, ಮೇಲೆ ಬೆಡ್‌ಶೀಟ್ ಹೊದಿಸ್ತೀನಿ.’ ಇದನ್ನು ಗಂಡನಿಗಲ್ಲ, ರೋಗಿಗೇ ಹೇಳಬೇಕು. ಪರದೆ ಎಳೆದ ಮೇಲೆ ಹುಕ್ಕನ್ನು ಅವರೇ ಬಿಚ್ಚಲಿ, ಆಗದಿದ್ದರೆ ಆಯಾ ಬಿಚ್ಚಲಿ. ತಾಳಿ ತೆಗೆಯಿರಿ ಎನ್ನಲೇಬೇಡಿ, ಅರ್ಧ ಜಗಳ ಅಲ್ಲೇ ಹುಟ್ಟುತ್ತದೆ. ಲೀಡಿಗೆ ತಾಗದಂತೆ ಭುಜದ ಕಡೆ ಸರಿಸಿದರೆ ಸಾಕು. ಬಳೆಯನ್ನೂ ಹಾಗೆಯೇ ಮೇಲಕ್ಕೆ ಸರಿಸಿ ಕೈಯ ಲೀಡಿನ ಕ್ಲಾಂಪ್ ಹಾಕಿ.

ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಉಬ್ಬಿನ ಪಕ್ಕದ್ದು ಎರಡನೇ ಪಕ್ಕೆಲುಬು. ಅದರ ಕೆಳಗೆ, ಪಕ್ಕೆಲುಬುಗಳ ನಡುವೆ ಸಿಗುವುದು ಎರಡನೇ ಸಂದು. ಅಲ್ಲಿಂದ ಎಣಿಸುತ್ತಾ ನಾಲ್ಕನೇ ಸಂದಿಗೆ ಬಂದರೆ ಎದೆಮೂಳೆಯ ಬಲಕ್ಕೆ ವಿ1, ಎಡಕ್ಕೆ ವಿ2. ವಿ4 ಐದನೇ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ಇಳಿದ ಗೆರೆಯ ಮೇಲೆ, ಸಾಮಾನ್ಯವಾಗಿ ಸ್ತನದ ಕೆಳಗೆ. ‘ಸ್ವಲ್ಪ ಎತ್ತಿ ಹಿಡ್ಕೊಳ್ಳಿ ಅಮ್ಮಾ’ ಎಂದರೆ ಅವರೇ ಹಿಡಿಯುತ್ತಾರೆ. ಆಗದವರಿಗೆ ಗ್ಲೌಸ್ ಹಾಕಿದ ಅಂಗೈಯ ಹಿಂಬದಿಯಿಂದ ಎತ್ತುತ್ತೇನೆ. ವಿ2-ವಿ4 ನಡುವೆ ವಿ3. ವಿ4ರ ಮಟ್ಟದಲ್ಲೇ ಕಂಕುಳಿನ ಮುಂಗೆರೆಗೆ ವಿ5, ನಡುಗೆರೆಗೆ ವಿ6. ಅವಸರದಲ್ಲಿ ಬಲಗೈಯ ಕೆಂಪು ಕ್ಲಾಂಪ್, ಎಡಗೈಯ ಹಳದಿ ಕ್ಲಾಂಪ್ ಅದಲುಬದಲಾದರೆ ಗ್ರಾಫಿನಲ್ಲಿ ‘ಲೀಡ್ 1’ ಎಂದಿರುವ ಭಾಗ ತಲೆಕೆಳಗಾಗಿ ಬರುತ್ತದೆ. ಪ್ರಿಂಟ್ ಹರಿಯುವ ಮುಂಚೆ ಅದನ್ನು ನೋಡಿಕೊಳ್ಳಿ. ಮುಗಿದ ಕೂಡಲೇ ಹೊದಿಸಿ, ಆಮೇಲೆ ವೈರ್ ಸುತ್ತಿ.

ಇಷ್ಟಾದರೂ ಬೇಡ ಎಂದರೆ ಒತ್ತಾಯ ಬೇಡ. ಪಕ್ಕದ ವಾರ್ಡಿನ ಸಿಸ್ಟರನ್ನು ಕರೆಸಿ, ಡಾಕ್ಟರಿಗೆ ತಿಳಿಸಿ, ಸಮಯ ಹಾಕಿ ನರ್ಸಸ್ ನೋಟಿನಲ್ಲಿ ಬರೆಯಿರಿ. ಆಯಾ ಜೊತೆಗಿದ್ದದ್ದನ್ನೂ ಬರೆದಿಡಿ.

ಭಾರದ ರೋಗಿಯನ್ನು ಎತ್ತಲು, ಕುಡಿದು ಗಲಾಟೆ ಮಾಡುವವರನ್ನು ಹಿಡಿಯಲು ಮಾತ್ರ ‘ಬ್ರದರ್’ (ಗಂಡು ನರ್ಸ್) ಬೇಕು ಎನ್ನುವ ವಾರ್ಡ್‌ಗಳು ಬಹಳ. ಏಮ್ಸ್ ನರ್ಸ್ ನೇಮಕಾತಿಯಲ್ಲೇ ಮಹಿಳೆಯರಿಗೆ ಶೇ 80, ಪುರುಷರಿಗೆ ಶೇ 20 ಹುದ್ದೆ ಎಂದು 2019ರಲ್ಲಿ ನಿರ್ಧಾರವಾಗಿತ್ತು. ಹೊಸದಾಗಿ ಸೇರಿದ ಹುಡುಗರು ಮಹಿಳಾ ವಾರ್ಡಿನ ಪಾಳಿಯನ್ನು ಇನ್‌ಚಾರ್ಜ್ ಹತ್ತಿರ ಕೇಳಿ ಹಾಕಿಸಿಕೊಳ್ಳಬೇಕು. ಹಗಲು ಹಿರಿಯ ಸಿಸ್ಟರ್ ಎದುರಲ್ಲಿ ಕಲಿಯದಿದ್ದರೆ ರಾತ್ರಿ ಪಾಳಿಯಲ್ಲಿ ಕೈ ನಡುಗುತ್ತದೆ.