ಬಿಸಿಲು ನೋಡಿ ಮೋಟರ್ ಹಾಕುವ ಮನೆ

ಮಲೆನಾಡಿನಲ್ಲಿ ಜೂನ್ ತಿಂಗಳ ಮೊದಲ ಗಾಳಿಗೆ ಮರವೊಂದು ತಂತಿಯ ಮೇಲೆ ಒರಗಿತೆಂದರೆ ಕರೆಂಟು ಬರುವುದು ನಾಳೆಯೋ ನಾಡಿದ್ದೋ. ಸಾಗರ, ಶಿರಸಿ, ತೀರ್ಥಹಳ್ಳಿ ಕಡೆ ಸೋಲಾರ್ ಹಾಕಿಸಿದವರಿಗೆ ಬಿಲ್ಲಿನ ಉಳಿತಾಯಕ್ಕಿಂತ ದೀಪ ಉರಿಯುವುದೇ ದೊಡ್ಡದು. ಆದರೂ ಪ್ಯಾನೆಲ್, ಬ್ಯಾಟರಿ ಎಲ್ಲ ಇದ್ದ ಮನೆಯಲ್ಲೇ ರಾತ್ರಿ ಎಂಟಕ್ಕೆ ಇನ್ವರ್ಟರ್ ಕೀಂಯ್ ಎನ್ನತೊಡಗುತ್ತದೆ. ವಿಚಾರಿಸಿದರೆ ಸಂಜೆ ಏಳಕ್ಕೆ ಯಾರೋ ಟ್ಯಾಂಕಿಗೆ ಮೋಟರ್ ಹಾಕಿರುತ್ತಾರೆ. ಮಧ್ಯಾಹ್ನ ಬ್ಯಾಟರಿ ತುಂಬಿ, ಬಿಸಿಲಿದ್ದರೂ ಪ್ಯಾನೆಲ್ ಕೆಲಸವಿಲ್ಲದೆ ಕುಳಿತಿದ್ದಾಗ ಮೋಟರಿನ ನೆನಪು ಯಾರಿಗೂ ಆಗಿರುವುದಿಲ್ಲ.

ಸ್ಮಾರ್ಟ್ ಹೋಮ್ ಎಂದರೆ ದೀಪಕ್ಕೆ ಬಾಯಿಮಾತಲ್ಲಿ ಅಪ್ಪಣೆ ಕೊಡುವುದು ಎಂದು ಜಾಹೀರಾತುಗಳು ತೋರಿಸುತ್ತವೆ. ಇಂಥ ಮನೆಗೆ ಬೇಕಿರುವುದು ಆ ಮಧ್ಯಾಹ್ನದ ನೆನಪು. ಅದನ್ನು ಯಂತ್ರಕ್ಕೆ ವಹಿಸುವುದು ಹೇಗೆ?

ಮೊದಲು ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಮನೆಯ ಪ್ರತಿ ಸಾಮಾನಿನ ವ್ಯಾಟ್ ಮತ್ತು ದಿನಕ್ಕೆ ಓಡುವ ಹೊತ್ತು ಬರೆಯಿರಿ. 1000 ವ್ಯಾಟ್ ಒಂದು ಗಂಟೆ ಓಡಿದರೆ 1 ಯೂನಿಟ್. 1 ಎಚ್‌ಪಿ ಮೋಟರ್ ಸುಮಾರು 1000 ವ್ಯಾಟ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಹಳೆಯ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಯಾಂತ್ರೀಕರಣಕ್ಕೆ ಖರ್ಚು ಮಾಡುವ ಮೊದಲು ಫ್ಯಾನ್ ಬದಲಿಸಿದರೇ ಲಾಭ ಹೆಚ್ಚು.

ಈಗ ಪಟ್ಟಿಯನ್ನು ಎರಡಾಗಿ ಒಡೆಯಿರಿ. ದೀಪ, ಫ್ಯಾನ್, ಫ್ರಿಜ್, ಇಂಟರ್ನೆಟ್ ರೌಟರ್ ಇವು ಕಾಯಲಾರವು. ಮೋಟರ್, ಗೀಸರ್, ವಾಷಿಂಗ್ ಮಷಿನ್ ಇವು ಬಿಸಿಲು ಬರುವವರೆಗೆ ಕಾಯಬಲ್ಲವು. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 1 ಯೂನಿಟ್ ಬೇಕು. ಮಧ್ಯಾಹ್ನವೇ ಕಾಯಿಸಿಟ್ಟರೆ ಗೀಸರೇ ಒಂದು ಬ್ಯಾಟರಿ; ತುಂಬಿದ ಓವರ್‌ಹೆಡ್ ಟ್ಯಾಂಕೂ ಹಾಗೆಯೇ. ಬಚ್ಚಲೊಲೆಯಲ್ಲಿ ಹಂಡೆ ಕುದಿಯುವ ಮನೆಯವರು ಗೀಸರಿನ ಸಾಲನ್ನೇ ಹೊಡೆದುಹಾಕಬಹುದು.

3 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್ ಕೊಡುತ್ತದೆ. 48 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಯುವುದು 5 ಯೂನಿಟ್‌ಗಿಂತ ಕಡಿಮೆ. ಉಳಿದದ್ದನ್ನು ಹಗಲಲ್ಲೇ ಬಳಸಬೇಕು, ಇಲ್ಲವೆ ಗ್ರಿಡ್‌ಗೆ, ಅಂದರೆ ಕಂಬದ ಲೈನಿಗೆ, ಕಳಿಸಬೇಕು.

ಇನ್ವರ್ಟರ್ ಯಾವುದು?

ಇಲ್ಲಿ ಮೋಸಹೋಗುವವರು ಬಹಳ. ಬ್ಯಾಟರಿಯಿಲ್ಲದ ಆನ್-ಗ್ರಿಡ್ ಇನ್ವರ್ಟರ್ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತದೆ, ಹೊರಗೆ ಬಿಸಿಲು ಸುಡುತ್ತಿದ್ದರೂ. ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ! ಕರೆಂಟು ಹೋಗುವ ಊರಿಗೆ ಪ್ಯಾನೆಲ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರೇ ಸರಿ. ಕೊಳ್ಳುವಾಗ ಒಂದು ಪ್ರಶ್ನೆ ಮರೆಯದೆ ಕೇಳಿ: ‘ಮಾಡ್‌ಬಸ್ ಮೂಲಕ ಬ್ಯಾಟರಿಯ ಮಾಹಿತಿ ಹೊರಗೆ ಓದಬಹುದಾ?’ (ಮಾಡ್‌ಬಸ್ ಎಂದರೆ ಯಂತ್ರಗಳು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಳ್ಳುವ ಒಂದು ಭಾಷೆ.) ಉತ್ತರ ಗೊತ್ತಿಲ್ಲದ ಅಂಗಡಿಯಿಂದ ಮುಂದಿನ ಅಂಗಡಿಗೆ ನಡೆಯಿರಿ.

ಮನೆಯ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯ ಘರ್ ಯೋಜನೆಯಡಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಹಾಗೂ ಮೇಲಿನದಕ್ಕೆ ಒಟ್ಟು 78,000 ರೂಪಾಯಿ ಸಬ್ಸಿಡಿ ಎಂದು 2024ರಲ್ಲಿ ನಿಗದಿಯಾಯಿತು. ಇದು ಗ್ರಿಡ್‌ಗೆ ಜೋಡಿಸಿದ ಪ್ಯಾನೆಲ್‌ಗಳ ಲೆಕ್ಕ. ಬ್ಯಾಟರಿಯ ದುಡ್ಡು ನಿಮ್ಮ ಜೇಬಿನದೇ. ಅಂದಹಾಗೆ, ನೆಟ್ ಮೀಟರಿಂಗ್ ಇದ್ದು ಕರೆಂಟೇ ಹೋಗದ ಬಡಾವಣೆಯಲ್ಲಿ ನೀವಿದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಬಹುದು. ಹಗಲು ಕಳಿಸಿದ ಯೂನಿಟ್ಟು ರಾತ್ರಿಯ ಯೂನಿಟ್ಟಿಗೆ ವಜಾ ಆಗುವುದರಿಂದ ಮೋಟರ್ ಯಾವಾಗ ಹಾಕಿದರೂ ಬಿಲ್ಲಿನಲ್ಲಿ ಹೆಚ್ಚು ವ್ಯತ್ಯಾಸವಾಗದು.

ವೈರಿಂಗ್

ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ, ಕಾಯಲಾರದ ಸಾಮಾನುಗಳಿಗೆ ಬೇರೆ ಲೈನ್, ಕಾಯುವವಕ್ಕೆ ಬೇರೆ ಲೈನ್ ಎಳೆಸಿ. ಗೀಸರ್‌ಗೆ 16 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ಗೇ (ದೂರದಿಂದಲೇ ಹತ್ತಿಸಿ ಆರಿಸಬಹುದಾದ ಪ್ಲಗ್) ಬೇಕು. ಕಡಿಮೆಯದು ಹಾಕಿದ ಒಬ್ಬರ ಮನೆಯಲ್ಲಿ ಪ್ಲಗ್ ಕರಗಿ ಗೋಡೆಗೆ ಅಂಟಿದ್ದನ್ನು ಕಂಡಿದ್ದೇನೆ. ಮೋಟರನ್ನಂತೂ ಪ್ಲಗ್‌ಗೆ ನೇರ ಕೊಡಲೇಬೇಡಿ: ಸ್ಮಾರ್ಟ್ ಸ್ವಿಚ್ ಕಾಂಟ್ಯಾಕ್ಟರನ್ನು (ಹೆಚ್ಚಿನ ಕರೆಂಟು ತಾಳುವ ದೊಡ್ಡ ಸ್ವಿಚ್) ಎಳೆಯಬೇಕು, ಕಾಂಟ್ಯಾಕ್ಟರ್ ಮೋಟರನ್ನು ಓಡಿಸಬೇಕು. ಟ್ಯಾಂಕ್ ತುಂಬಿದಾಗ ನಿಲ್ಲಿಸುವ ಕೆಲಸವನ್ನು ಹಳೆಯ ಫ್ಲೋಟ್ ಸ್ವಿಚ್ಚಿಗೇ ಬಿಡಿ. ಅದಕ್ಕೆ ಪಾಸ್‌ವರ್ಡ್ ಬೇಡ.

ಪಕ್ಕದಲ್ಲೇ ಕೈಯಿಂದ ಒತ್ತುವ ಒಂದು ಸ್ವಿಚ್ ಇರಲಿ. ಮಕ್ಕಳೆಲ್ಲ ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿರುವ ಅಜ್ಜಿಗೆ ಮೋಟರ್ ಹಾಕಲು ಮೊಬೈಲ್ ಬೇಕಾಗಬಾರದು.

ನಿಯಮ ಬರೆಯುವುದು

ಇನ್ವರ್ಟರಿನಿಂದ ಬ್ಯಾಟರಿಯ ಮಾಹಿತಿ ಓದಿ ಸ್ಮಾರ್ಟ್ ಸ್ವಿಚ್‌ಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹಾಕಬಹುದು. ಇಂಟರ್ನೆಟ್ ಇಲ್ಲದಿದ್ದರೂ ಅದು ಮನೆಯೊಳಗೇ ಕೆಲಸ ಮಾಡುತ್ತದೆ. ಕರೆಂಟಿನ ಹಿಂದೆಯೇ ಟವರ್ ಸಿಗ್ನಲ್ಲೂ ಹೋಗುವ ಊರಲ್ಲಿ, ದೂರದ ಸರ್ವರ್ ನಂಬಿದ ಆ್ಯಪ್ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಸ್ಮಾರ್ಟ್ ಸ್ವಿಚ್ ಕೊಳ್ಳುವಾಗಲೂ ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತದೆಯೇ ಎಂದು ಕೇಳಿ.

ಮೊದಲ ನಿಯಮ ಹೀಗಿರಲಿ: ಹತ್ತರಿಂದ ಮೂರು ಗಂಟೆಯೊಳಗೆ ಬ್ಯಾಟರಿ ಶೇ 90 ದಾಟಿ ಐದು ನಿಮಿಷವಾದರೆ ಮೋಟರ್ ಹಾಕು, ಶೇ 75ಕ್ಕೆ ಇಳಿದರೆ ನಿಲ್ಲಿಸು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇಡೀ ವ್ಯವಸ್ಥೆಯ ಪ್ರಾಣವಿದೆ. ಎರಡಕ್ಕೂ 90 ಎಂದೇ ಬರೆದರೆ ಮೋಡ ಬಂದು ಹೋದ ಹಾಗೆಲ್ಲ ಮೋಟರ್ ಹತ್ತಿ ಆರಿ, ವಾರದಲ್ಲಿ ರಿಪೇರಿಗೆ ಬರುತ್ತದೆ. ಗೀಸರ್‌ಗೆ ಮೋಟರ್ ನಿಂತ ಮೇಲಿನ ಸರದಿ. ಎರಡೂ ಒಟ್ಟಿಗೆ ಹತ್ತದಂತೆ ನೋಡಿಕೊಳ್ಳಿ. ಲೆಡ್-ಆಸಿಡ್ ಬ್ಯಾಟರಿಯವರು ಚಾರ್ಜ್ ಆಗುವಾಗ ತೋರಿಸುವ ಶೇಕಡಾವಾರನ್ನು ಪೂರ್ತಿ ನಂಬಬಾರದು, ಆಗ ವೋಲ್ಟೇಜ್ ಏರಿದ್ದು ಬ್ಯಾಟರಿ ತುಂಬಿದಂತೆ ಕಾಣಿಸುತ್ತದೆ.

ಒಂದು ವಾರ ನೋಡಿ ಅಂಕಿಗಳನ್ನು ತಿದ್ದಿ. ಮಧ್ಯಾಹ್ನ ಉತ್ಪಾದನೆ ದಿಢೀರನೆ ಇಳಿದರೆ ನಿಯಮವನ್ನು ಬಿಟ್ಟು ಛಾವಣಿ ಹತ್ತಿ ನೋಡಿ: ಒಂದು ತೆಂಗಿನ ಗರಿಯ ನೆರಳು ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳನ್ನೆಲ್ಲ ಕೆಳಗೆಳೆಯಬಲ್ಲದು.

ಮಳೆಗಾಲಕ್ಕೆ ಬೇರೆ ನಿಯಮಾವಳಿ ಬೇಕು. ಸೂರ್ಯ ಮುಖ ತೋರಿಸದ ದಿನ ಬ್ಯಾಟರಿ 90 ಮುಟ್ಟುವುದೇ ಇಲ್ಲ, ಆಗ ಗ್ರಿಡ್ ಕರೆಂಟು ಬಂದ ಕೂಡಲೇ ಮೋಟರ್ ಹಾಕು ಎಂಬ ಸಾಲು ಸೇರಿಸಿ. ಮನೆ ಹಿಂದೆ ಹಳ್ಳವಿದ್ದು ಪೈಕೋ ಹೈಡ್ರೋ ಟರ್ಬೈನ್ (ಹರಿಯುವ ನೀರಿನಿಂದ ಕರೆಂಟು ಮಾಡುವ ಪುಟ್ಟ ಯಂತ್ರ) ಕೂರಿಸಿದವರ ಸಮಸ್ಯೆ ಇದಕ್ಕೆ ತಿರುಗುಮುರುಗು. ಅದು ಹಗಲು ರಾತ್ರಿಯೆನ್ನದೆ ತಿರುಗುವುದರಿಂದ ಬಳಸದ ಕರೆಂಟನ್ನು ಎಲ್ಲಾದರೂ ಸುರಿಯಲೇಬೇಕು; ಅದಕ್ಕಾಗಿ ಇಟ್ಟ ಹೀಟರ್ ಕಾಯಿಲನ್ನು ಬಚ್ಚಲಿನ ನೀರಿಗೆ ಇಳಿಬಿಟ್ಟರೆ ಒದ್ದೆ ಸೌದೆ ಊದುವ ಕೆಲಸ ಅಷ್ಟು ಕಡಿಮೆ.