ಒಂದು ನಂದಾದೀಪದ ಎಣ್ಣೆ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಜಮಾ-ಖರ್ಚು ನೋಡಿದವನು ನಾನು. ನಿವೃತ್ತಿಯಾದ ಮೇಲೆ ಶಾಸನಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿದೆ. ಆಗ ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಸಣ್ಣ ದೇವಸ್ಥಾನದ ಕಲ್ಲು ಕಣ್ಣಿಗೆ ಬಿತ್ತು. ಮೇಲೆ ಸೂರ್ಯ, ಚಂದ್ರ. ಕೆಳಗೆ ಇಷ್ಟು ಖಂಡುಗ ಬೀಜವರಿ ಗದ್ದೆ ಬಿಟ್ಟಿದ್ದೇವೆ, ಅದರ ಹುಟ್ಟುವಳಿಯಿಂದ ದೇವರ ಮುಂದೆ ಒಂದು ನಂದಾದೀಪ ಉರಿಯಬೇಕು ಎಂಬ ಮಾತು. ಕೊನೆಗೆ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಶ್ಲೋಕ: ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಂ.’ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನದು.

ಕಾಪಾಡಿದರೇ? ಆ ಗದ್ದೆಯ ದುಡ್ಡು ಎಣ್ಣೆಯಾಗಿ ಗರ್ಭಗುಡಿಯವರೆಗೆ ಬಂತೇ? ಬಂದಿದ್ದರೆ ಎಷ್ಟು ಕಾಲ? ಈ ಒಂದು ಪ್ರಶ್ನೆ ಹಿಡಿದು ಆರು ವರ್ಷದಿಂದ ಓಡಾಡುತ್ತಿದ್ದೇನೆ. ಇಡೀ ಊರಿನ ದೇವಸ್ಥಾನಗಳ ಆರ್ಥಿಕ ಚರಿತ್ರೆ ಬರೆಯುತ್ತೇನೆಂದು ಹೊರಟಿದ್ದರೆ ಮೊದಲ ವರ್ಷವೇ ಕೈಚೆಲ್ಲುತ್ತಿದ್ದೆ. ಒಂದು ದೀಪದ ಬೆನ್ನು ಹತ್ತಿದ್ದರಿಂದ ದಾರಿ ತಪ್ಪಲಿಲ್ಲ.

ಮೊದಲು ಅಚ್ಚಾದ ಪಾಠ ನೋಡಿದೆ. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಈ ತಾಲ್ಲೂಕಿನ ಶಾಸನಗಳಿರುವುದು 1894ರ ಮೂರನೇ ಸಂಪುಟದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯಲ್ಲಾದರೆ ಆರನೇ ಸಂಪುಟ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ, ಆಮೇಲೆ ಕಲ್ಲಿನ ಮುಂದೆ ಕೂತು ಮೂರನೇ ಸಲ ಓದಬೇಕು. ಸಂಜೆಯ ಓರೆ ಬಿಸಿಲಿನಲ್ಲಿ ಕಾಣುವ ಅಕ್ಷರ ನಡುಮಧ್ಯಾಹ್ನ ಕಾಣುವುದಿಲ್ಲ.

ಕಲ್ಲು ಹೇಳುವುದು ವಾಗ್ದಾನವನ್ನು ಮಾತ್ರ. ನಡೆದದ್ದನ್ನು ಹೇಳುವುದು ಕಾಗದ. ಶ್ರೀರಂಗಪಟ್ಟಣದ ಕಾಗದ ಹುಡುಕುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ನನಗೆ ಅದು ತಿಳಿಯುವಷ್ಟರಲ್ಲಿ ಎಂಟು ತಿಂಗಳು ಹೋಗಿತ್ತು. 1610ರಲ್ಲಿ ರಾಜ ಒಡೆಯರ ಕೈಗೆ ಬಂದ ಈ ಊರು 1799ರ ಮೇ 4ರವರೆಗೆ ರಾಜಧಾನಿ. ಟಿಪ್ಪು ಮಡಿದ ಮೇಲೆ ಆದ ಒಪ್ಪಂದದಲ್ಲಿ ಮೈಸೂರು ರಾಜ್ಯದ ಒಂದು ಭಾಗ ಒಡೆಯರಿಗೆ ಹೋಯಿತು, ಈ ಕೋಟೆ ಮತ್ತು ದ್ವೀಪ ಕಂಪನಿಯ ಸ್ವತ್ತಾಯಿತು. ಮುಂದೆ ಅದನ್ನು ವರ್ಷಕ್ಕೆ 50,000 ರೂಪಾಯಿ ಗುತ್ತಿಗೆಯ ಮೇಲೆ ಮೈಸೂರಿಗೆ ಬಿಟ್ಟರು. ಪೂರ್ತಿಯಾಗಿ ಮೈಸೂರಿಗೆ ಬಂದದ್ದು 1881ರಲ್ಲಿ. ಎಂದರೆ ದೇವರು ಕಂಪನಿಯ ನೆಲದಲ್ಲಿ, ದೇವರ ಗದ್ದೆ ಕಾವೇರಿಯ ಆಚೆ ಮಹಾರಾಜರ ನೆಲದಲ್ಲಿ. ಗುಡಿ ಒಂದೇ, ಅದರ ಕಾಗದ ಮಾತ್ರ ಎರಡು ಸರ್ಕಾರಗಳ ಪಾಲು. ಇದು ಗೊತ್ತಿಲ್ಲದೆ ಗುಡಿಯ ನಿವೇಶನದ ಹಳೇ ದಾಖಲೆಯನ್ನು ಮೈಸೂರಿನ ಕಟ್ಟುಗಳಲ್ಲೇ ಹುಡುಕುತ್ತಿದ್ದೆ. ಕಂಪನಿಯ ಪಾಲಿನ ಕಾಗದ ಮದರಾಸಿನ ಸರ್ಕಾರಕ್ಕೆ ಹೋಗುತ್ತಿತ್ತು ಎಂದು ಹೊಳೆದ ಮೇಲೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೆ ಹೋಗಿ ನಾಲ್ಕು ದಿನ ಕೂತೆ. ನನ್ನ ಗುಡಿಯ ಹೆಸರು ಸಿಗಲಿಲ್ಲ. ಕೋಟೆಯೊಳಗಿನ ಮನೆ, ನಿವೇಶನಗಳ ಮೇಲೆ ಆ ಕಾಲದಲ್ಲಿ ಪತ್ರವ್ಯವಹಾರ ಹೇಗೆ ಸಾಗುತ್ತಿತ್ತು ಎಂಬುದಂತೂ ತಿಳಿಯಿತು.

ಗದ್ದೆಯ ಕಡೆ ಅದೃಷ್ಟ ಚೆನ್ನಾಗಿತ್ತು. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿ, 1860ರ ದಶಕದಲ್ಲಿ, ಇನಾಂ ಜಮೀನುಗಳ, ಎಂದರೆ ದಾನವಾಗಿ ಬಿಟ್ಟ ಜಮೀನುಗಳ, ಹಕ್ಕು ತನಿಖೆ ನಡೆಯಿತು. ಯಾರು ಕೊಟ್ಟದ್ದು, ಸನದು (ದಾನಪತ್ರ) ಇದೆಯೇ, ಈಗ ಅನುಭವದಲ್ಲಿ ಯಾರಿದ್ದಾರೆ, ದೇವರಿಗೆ ಬಿಟ್ಟ ದೇವಾದಾಯವೋ ಬ್ರಾಹ್ಮಣರಿಗೆ ಬಿಟ್ಟ ಬ್ರಹ್ಮಾದಾಯವೋ ಧರ್ಮಕಾರ್ಯಕ್ಕೆ ಬಿಟ್ಟ ಧರ್ಮಾದಾಯವೋ, ಕಂದಾಯವೇ ಇಲ್ಲದ ಸರ್ವಮಾನ್ಯವೋ ಜೋಡಿ ಎಂಬ ಕಡಿಮೆ ಕಂದಾಯ ಕಟ್ಟಬೇಕಾದದ್ದೋ, ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತದೆ. ಆ ರಿಜಿಸ್ಟರಿನ ಒಂದು ನಕಲಿನಲ್ಲಿ ನನ್ನ ಗದ್ದೆ ಸಿಕ್ಕಿತು. ‘ನಂದಾದೀಪ’ ಎಂಬ ಪದ ಅಲ್ಲಿ ‘ದೀಪಾರಾಧನೆ’ ಆಗಿತ್ತು. ಗದ್ದೆಯ ವಿಸ್ತೀರ್ಣ ಕಲ್ಲಿನಲ್ಲಿರುವುದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂದು ಹೇಳುವುದು ಮೊದಲಿಗೆ ಕಷ್ಟವಾಯಿತು. ಕಲ್ಲಿನ ಅಳತೆ ಬೀಜದ್ದು. ಒಂದು ಖಂಡುಗ ಎಂದರೆ ಇಪ್ಪತ್ತು ಕೊಳಗ ಬೀಜ ಹಿಡಿಯುವಷ್ಟು ನೆಲ, ಅದರಲ್ಲೂ ಬೆದ್ದಲಿನ (ಮಳೆಯಾಶ್ರಯದ ಹೊಲದ) ಖಂಡುಗ ಗದ್ದೆಯ ಖಂಡುಗಕ್ಕಿಂತ ಹಲವು ಪಟ್ಟು ದೊಡ್ಡದು. ಇದನ್ನು ಎಕರೆಗೆ ತಿರುಗಿಸುವಾಗ ಒಂದೇ ಗುಣಕ ಹಿಡಿದು ಹೊರಟವರ ಲೆಕ್ಕವನ್ನು ನಾನು ನಂಬುವುದಿಲ್ಲ.

ಆಮೇಲೆ ಮುಜರಾಯಿ ಕಟ್ಟುಗಳು. ಮುಜರಾ ಎಂದರೆ ಲೆಕ್ಕದಲ್ಲಿ ಕಳೆದುಕೊಡುವುದು. ಕಂದಾಯದ ಮೊತ್ತದಿಂದ ಗುಡಿಗೆಂದು ಕಳೆದು ತೋರಿಸುತ್ತಿದ್ದ ಬಾಬಿನ ಹೆಸರೇ ಕೊನೆಗೆ ಇಲಾಖೆಯ ಹೆಸರಾಯಿತು. ಆ ಪಟ್ಟಿಗಳಲ್ಲಿ ದೇವಸ್ಥಾನ, ಛತ್ರ, ಮಠ, ಮಸೀದಿ, ದರ್ಗಾ ಒಂದರ ಕೆಳಗೆ ಒಂದು ಬರುತ್ತವೆ. ಒಂದು ಗುಡಿಯ ಅರ್ಚಕರ ಪಡಿ ಬರೆದ ಕೈಯೇ ಮುಂದಿನ ಸಾಲಿನಲ್ಲಿ ದರ್ಗಾದ ದೀಪದ ಖರ್ಚನ್ನೂ ಬರೆದಿದೆ. ಆ ಪುಟಗಳನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತಿದ್ದೇನೆ.

ಜಮೀನು ಸರ್ಕಾರಕ್ಕೆ ಸೇರಿದ ಕಡೆಗಳಲ್ಲಿ ಬದಲಿಗೆ ಬರುವ ನಗದು ತಸ್ತೀಕು. ನನ್ನ ಗದ್ದೆಯ ಕತೆ ಆ ಕಡೆ ಹೊರಳಿದ್ದು 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆಯಿಂದ. ಗದ್ದೆ ಉತ್ತವರ ಹೆಸರಿಗೆ ಹೋಯಿತು, ಗುಡಿಗೆ ವರ್ಷಕ್ಕೊಂದು ಗೊತ್ತಾದ ಮೊತ್ತ ಉಳಿಯಿತು. ಉತ್ತವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಬ್ಯಾಂಕಿನ ಕಣ್ಣಿಗೆ ಒಂದು ವ್ಯತ್ಯಾಸ ಹೊಡೆದು ಕಾಣುತ್ತದೆ. ಗದ್ದೆಯ ಭತ್ತಕ್ಕೆ ಬೆಲೆ ಏರಿದರೆ ಎಣ್ಣೆ ಕೊಳ್ಳುವ ಶಕ್ತಿಯೂ ಏರುತ್ತಿತ್ತು. ಗೊತ್ತಾದ ರೂಪಾಯಿ ಮೊತ್ತ ಹಾಗೆ ಬೆಳೆಯುವುದಿಲ್ಲ, ಸರ್ಕಾರ ಮನಸ್ಸು ಮಾಡಿ ಏರಿಸಬೇಕು. ಆ ಗುಡಿಯ ದಿನವಹಿ ಲೆಕ್ಕದ ಕಿರ್ದಿ ಪುಸ್ತಕದಲ್ಲಿ ವರ್ಷ ವರ್ಷ ಅದೇ ಜಮಾ, ಎಣ್ಣೆಯ ಸಾಲಿನಲ್ಲಿ ಮಾತ್ರ ಸೇರುಗಳು ಇಳಿಯುತ್ತಾ ಹೋಗುತ್ತವೆ. ನಂದಾದೀಪ ಎರಡು ಹೊತ್ತಿನ ದೀಪವಾದದ್ದನ್ನು ಯಾರೂ ಆದೇಶ ಮಾಡಿ ಬರೆದಿಲ್ಲ. ಅಂಕಿಗಳೇ ಹೇಳುತ್ತವೆ.

ಹಳೆಯ ಅಂಕಿ ಓದುವುದಕ್ಕೆ ಸ್ವಲ್ಪ ತಾಲೀಮು ಬೇಕು. ಇಲ್ಲಿ ಹಣ ಎಂದರೆ ಹಳೆಯ ಒಂದು ಸಣ್ಣ ನಾಣ್ಯ. ಅದರ ಅರ್ಧ ಅಡ್ಡ, ಕಾಲು ಹಾಗ, ಹದಿನಾರನೇ ಒಂದು ಪಾಲು ವೀಸ. ಮೂರು ಹಣ, ಒಂದು ಅಡ್ಡ, ಒಂದು ಹಾಗ, ಒಂದು ವೀಸ ಎಂದರೆ ಮೂರು ಹಣದ ಮೇಲೆ ಹದಿಮೂರು ವೀಸ. ಕಂಠೀರಾಯಿ ವರಹ ಎಂದು ಬರೆದಿದ್ದರೆ ಅದು ಹತ್ತು ಕಂಠೀರಾಯಿ ಹಣದ ಲೆಕ್ಕದ ಹೆಸರು. ಮೊದಲ ತಿಂಗಳಲ್ಲೇ ನಾನು ಎಲ್ಲವನ್ನೂ ರೂಪಾಯಿಗೆ ತಿರುಗಿಸಿ ದೊಡ್ಡ ತಪ್ಪು ಮಾಡಿದೆ. ಆಗಿನ ನಾಣ್ಯದಲ್ಲೇ ಕೂಡಿಸಿ, ಆಗಿನ ಶಿಲ್ಕಿಗೆ, ಎಂದರೆ ಕೊನೆಗೆ ಉಳಿದ ಮೊತ್ತಕ್ಕೆ, ಹೊಂದಿಸಿ ನೋಡಬೇಕು. ಶಿಲ್ಕು ಹೊಂದಿದರೆ ನಾವು ಓದಿದ್ದು ಸರಿ. ಹೊಂದದಿದ್ದರೆ ಎಲ್ಲೋ ಹಾಗವನ್ನು ವೀಸ ಎಂದು ಓದಿದ್ದೇವೆ. ಶಾನುಭೋಗರ ಮೋಡಿ ಎಂಬ ಕೂಡುಬರಹವನ್ನು ನಾನು ಕಲಿತದ್ದೂ ಹೀಗೆಯೇ, ಕೂಡಿಕೆಯನ್ನು ಗುರುವಾಗಿ ಇಟ್ಟುಕೊಂಡು.

ಕಾಲದ ವಿಷಯದಲ್ಲೂ ಎಚ್ಚರ ಬೇಕು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಬರೀ ‘ಶುಕ್ಲ ಸಂವತ್ಸರ’ ಎಂದಿದ್ದರೆ ಅದು 1809 ಆಗಬಹುದು, 1869 ಆಗಬಹುದು. ಶಕವರ್ಷ ಕೊಟ್ಟಿದ್ದರೆ 78 (ವರ್ಷದ ಕೊನೆಯ ತಿಂಗಳುಗಳಾದರೆ 79) ಕೂಡಿಸಿದರಾಯಿತು. ಕೊಟ್ಟಿರದಿದ್ದರೆ ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರರ ಹೆಸರು, ನಾಣ್ಯದ ಹೆಸರು, ಕಾಗದದ ಜಾತಿ, ಇವುಗಳಿಂದಲೇ ತೀರ್ಮಾನಿಸಬೇಕು. ಆಣೆ, ಪೈ ಕಂಡರೆ ಹಿಂದಿನ ಅರವತ್ತಕ್ಕಿಂತ ಮುಂದಿನ ಅರವತ್ತರ ಕಡೆ ಒಲವು ತೋರುತ್ತೇನೆ.

ಈಗ ನನ್ನ ಕೈಯಿಂದಲೇ ಆದ ಅನಾಹುತ ಹೇಳಬೇಕು. ಹಿಂದೆ ಶಾನುಭೋಗಿಕೆ ಮಾಡಿದ ಒಂದು ಮನೆಯವರು ಅಟ್ಟದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ರುಮಾಲು ಕಟ್ಟು ಇಳಿಸಿಕೊಟ್ಟರು. ಅದರೊಳಗೆ ಒಂದು ಕಡತ. ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ, ಮೂಲದಲ್ಲಿ ಅದು ಬಟ್ಟೆ. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು. ಕಪ್ಪು ಮೈಯ ಮೇಲೆ ಬಿಳಿ ಅಕ್ಷರ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ನಾನು ಅಚ್ಚಿನಲ್ಲಿ ಓದಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ. ಮೊದಲ ಮಡಿಕೆಯ ಮೇಲೆ ಧೂಳು ಕೂತಿದೆ ಎಂದುಕೊಂಡು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಧೂಳಿನ ಜೊತೆ ಎರಡು ಸಾಲು ಹೋದವು. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಅಳಿಸಿ ಮತ್ತೆ ಬರೆಯಲೆಂದೇ ಅದನ್ನು ಹಾಗೆ ಮಾಡುತ್ತಿದ್ದರು. ಹೋದ ಸಾಲುಗಳ ಕೆಳಗೆ ‘ಎಣ್ಣೆ’ ಎಂಬ ಪದ ಉಳಿದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ನನ್ನ ಕ್ರಮ ಇಷ್ಟೇ. ಮುಟ್ಟುವ ಮೊದಲು ಫೋಟೊ. ಕಟ್ಟು ಬಿಚ್ಚುವಾಗ ಗಂಟಿನದೂ ಫೋಟೊ, ಹಾಳೆಗಳನ್ನು ಅದೇ ಅನುಕ್ರಮದಲ್ಲಿ ಮತ್ತೆ ಕಟ್ಟಲು. ಒಗ್ಗಿದ ಮಡಿಕೆಯನ್ನು ತಿರುಗುಮುರುಗು ಮಾಡಬಾರದು. ಮಳೆಗಾಲದಲ್ಲಿ ಯಾವ ಕಟ್ಟನ್ನೂ ಬಿಚ್ಚುವುದಿಲ್ಲ. ಮನೆಯವರಿಂದ ಕಟ್ಟನ್ನು ನನ್ನ ಮನೆಗೆ ತರುವುದಿಲ್ಲ, ಅವರ ಜಗಲಿಯ ಮೇಲೇ ಕೂತು ಕೆಲಸ ಮುಗಿಸಿ, ಒಂದು ಪ್ರತಿ ಅವರಿಗೂ ಕೊಡುತ್ತೇನೆ.

ಕಾಗದದಲ್ಲಿ ಕಂಡ ಗದ್ದೆಯನ್ನು ಕಾಲಿನಿಂದ ನಡೆದು ನೋಡಿದ ದಿನ ಮರೆಯಲಾರೆ. ಹಳೇ ಗ್ರಾಮ ನಕಾಶೆ, ವಿಸ್ತೀರ್ಣ ಮತ್ತು ಕಂದಾಯ ತೋರಿಸುವ ಆಕಾರಬಂದ್, ಕೈಬರಹದ ಪಹಣಿ ಹಿಡಿದು ಸರ್ವೆ ನಂಬರು ಗುರುತಿಸಿದೆ. ಶಾಸನ ಹೇಳುವ ಎಲ್ಲೆಯಲ್ಲಿ ವಾಮನಮುದ್ರೆಯ ಕಲ್ಲು ನೆಟ್ಟಿರಬೇಕು. ವಿಷ್ಣು ದೇವಾಲಯದ ಭೂಮಿಗೆ ಕೊಡೆ ಹಿಡಿದ ವಾಮನ, ಶಿವನದಕ್ಕೆ ಲಿಂಗಮುದ್ರೆ. ಕಬ್ಬಿನ ಗದ್ದೆಯ ಬದುವಿನಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯನ್ನು ಕೇಳಿದೆ. ‘ಕೊಡೆ ಹಿಡ್ಕಂಡಿರೋ ದ್ಯಾವ್ರಾ? ಅಲ್ಲಿ ನಾಲೆ ಏರಿ ಮ್ಯಾಲೈತೆ ಕಣಪ್ಪಾ, ನಾವು ಅದ್ರ ಮ್ಯಾಲೆ ಬಟ್ಟೆ ಒಗೀತೀವಿ’ ಎಂದು ತಾನೇ ಕರೆದುಕೊಂಡು ಹೋಗಿ ತೋರಿಸಿದಳು. ಕಲ್ಲು ಜಾಗ ಬದಲಿಸಿತ್ತು. ಕಮಂಡಲ ಸವೆದಿತ್ತು, ಕೊಡೆ ಇನ್ನೂ ಸ್ಪಷ್ಟ. ‘ಇದು ನಿಮ್ಮ ಹೊಲದ ಮೇರೆ ಕಲ್ಲಾಗಿತ್ತಮ್ಮ’ ಎಂದಾಗ ಆಕೆ ಸೆರಗಿನಿಂದ ಅದರ ಮೇಲಿನ ಸೋಪಿನ ನೊರೆ ಒರೆಸಿದಳು.

ಕಲ್ಲು, ಇನಾಂ ರಿಜಿಸ್ಟರು, ತಸ್ತೀಕಿನ ಕಿರ್ದಿ, ಗದ್ದೆಯ ಮೇರೆ, ಇವಿಷ್ಟನ್ನು ಒಂದು ಉದ್ದನೆಯ ಹಾಳೆಯಲ್ಲಿ ವರ್ಷವಾರು ಜೋಡಿಸಿದ್ದೇನೆ. ನಡುವೆ ಇರುವ ದೊಡ್ಡ ಖಾಲಿ ಜಾಗ 1799ರ ಆಸುಪಾಸಿನದು. ಕಡತದ ಅಳಿಸಿಹೋದ ಸಾಲುಗಳು ಆ ಜಾಗದ್ದೇ ಇರಬೇಕೆಂದು ಉಳಿದ ಸಾಲುಗಳ ನಾಣ್ಯದ ಹೆಸರಿನಿಂದ ನನಗನಿಸುತ್ತದೆ. ಬಳಪ ಹೋದರೂ ಒತ್ತಿ ಬರೆದ ಗೀರು ಬಟ್ಟೆಯಲ್ಲಿ ಉಳಿದಿರುತ್ತದೆ, ಬದಿಯಿಂದ ಬೆಳಕು ಬಿಟ್ಟು ಫೋಟೊ ತೆಗೆದರೆ ಕಂಡರೂ ಕಾಣಬಹುದು ಎಂದು ಛಾಯಾಗ್ರಾಹಕ ಸ್ನೇಹಿತರೊಬ್ಬರು ಹೇಳಿದ್ದಾರೆ. ಮಾಘದ ಒಣ ಹವೆ ಬರಲೆಂದು ಕಾಯುತ್ತಿದ್ದೇವೆ. ಆ ಮನೆಯವರು ಒಪ್ಪಿದ್ದಾರೆ. ಈ ಸಲ ಕಡತದ ಮಡಿಕೆಗಳನ್ನು ಬಿಚ್ಚುವವರು ಅವರೇ, ನಾನು ದೀಪ ಹಿಡಿಯುತ್ತೇನೆ.